ಜುಬ್ಬದ ಮೇಲೊಂದು ಬೆಲ್ಟು

ಜುಬ್ಬಕ್ಕೆ ಇಸ್ತ್ರಿ ಹಾಕುವುದು ಷರ್ಟಿಗೆ ಹಾಕಿದಷ್ಟು ಸುಲಭವಲ್ಲ, ಹಾಕಿ ನೋಡಿದವರಿಗೇ ಗೊತ್ತು. ಷರ್ಟು ಎದೆ ಬಿಚ್ಚಿಕೊಂಡು ಹಲಗೆಯ ಮೇಲೆ ವಿಧೇಯವಾಗಿ ಮಲಗುತ್ತದೆ; ಜುಬ್ಬ ಹಾಗಲ್ಲ, ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಮುದುಡಿಕೊಂಡು ಮುನಿಸು ತೋರಿಸುತ್ತದೆ. ಟೆಕ್ಸಸ್‌ನ ಇರ್ವಿಂಗ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಮುನಿಸು ತಿದ್ದುವ ಕೆಲಸ ನನ್ನದು. ಅದರಲ್ಲೂ ಈಗ ಹಲಗೆಯ ಮೇಲಿರುವ ಪುಟ್ಟ ಜುಬ್ಬ ನನ್ನ ಎಂಟು ವರ್ಷದ ಮಗ ಪ್ರಣವನದು, ನಾನೇ ಕೈಯಾರೆ ಹೊಲಿದದ್ದು. ವಾರವೆಲ್ಲ ಸಾಫ್ಟ್‌ವೇರಿನ ತಪ್ಪು ಹುಡುಕುವ ನನಗೆ ರಜಾದಿನದಲ್ಲಿ ಹೊಲಿಗೆ ಮೆಷಿನ್ನಿನ ಹುಚ್ಚು. ಅಲ್ಲಿಯವರೆಗೆ ಹೊಲಿದದ್ದೆಲ್ಲ ದಿಂಬಿನ ಕವರುಗಳೇ ಆದ್ದರಿಂದ, ಕೊರಳುಪಟ್ಟಿ ನೆಟ್ಟಗೆ ಕೂತ ಈ ಜುಬ್ಬದ ಬಗ್ಗೆ ನನಗಿದ್ದ ಹೆಮ್ಮೆ ಸ್ವಲ್ಪ ಅತಿಯೇ ಎನ್ನಿ.

ಅದನ್ನು ತೊಟ್ಟು ಅವನು, ಮಕ್ಕಳೆಲ್ಲ ತಂತಮ್ಮ ದೇಶದ ಉಡುಪಿನಲ್ಲಿ ಬರುವ ಸ್ಕೂಲಿನ ಇಂಟರ್‌ನ್ಯಾಷನಲ್ ನೈಟ್‌ಗೆ ಹೋದ. ಮನೆಗೆ ಬಂದವನೇ ಕಳಚಿ ಎಸೆದು, "ಐ ಆ್ಯಮ್ ನಾಟ್ ವೇರಿಂಗ್ ದಿಸ್ ಅಗೇನ್ ಅಪ್ಪಾ, ಇಟ್ ಲುಕ್ಸ್ ಲೈಕ್ ಎ ಗರ್ಲ್ಸ್ ಫ್ರಾಕ್" ಎಂದ. ಹಾಗೆಂದು ನಕ್ಕವನು ಯಾರೆಂದುಕೊಂಡಿರಿ? ಕೆಂಚುಗೂದಲಿನ ಟೆಕ್ಸಸ್ ಹುಡುಗನಲ್ಲ. ನಮ್ಮ ಪಕ್ಕದ ಮನೆಯ ನಿಖಿಲ್, ಯಾರ ಅಜ್ಜ ಇಂದಿಗೂ ಪಂಚೆಯುಟ್ಟೇ ವಾಕಿಂಗ್ ಹೋಗುತ್ತಾರೋ ಆ ಮಹಾಶಯ! "ಯುಗಾದಿ ಫಂಕ್ಷನ್‌ಗೆ ಟೀ ಶರ್ಟೇ ಹಾಕ್ಕೊಳ್ಳಲಿ ಬಿಡು, ಅವನನ್ನ ಅಳಿಸಿ ಜುಬ್ಬ ಹಾಕಿಸ್ಬೇಡ" ಎಂದಳು ಹೆಂಡತಿ ಶುಭಾ. ಒಪ್ಪಿದೆ. ಆದರೆ ನಿಜ ಹೇಳುತ್ತೇನೆ, ನನಗೆ ತುಂಬ ನೋವಾಗಿತ್ತು. ಬಟ್ಟೆ ಹಾಳಾಗಿ ಹೋಗಲಿ. ನಮ್ಮ ಮನೆಯದೊಂದಕ್ಕೆ ಮಗ ನಾಚಿಕೊಂಡನಲ್ಲ, ಆ ನಾಚಿಕೆ ಅವನಲ್ಲೇ ಬೇರೂರಿಬಿಟ್ಟರೆ ಏನು ಗತಿ ಎಂಬ ಭಯವೂ ಇತ್ತು.

ಆ ಶನಿವಾರ ಗುಡುಗು ಮಳೆಯ ಎಚ್ಚರಿಕೆ ಇದ್ದುದರಿಂದ ಪಾರ್ಕಿನ ಬದಲು ಡಲ್ಲಾಸ್‌ನ ಮ್ಯೂಸಿಯಂ ಒಂದಕ್ಕೆ ಡ್ರೈವ್ ಮಾಡಿದೆವು. ಅಲ್ಲಿ ಗೋಡೆಯ ಮೇಲೆ ಇಂಗ್ಲೆಂಡಿನ ಮಗುವೊಂದರ ಹಳೆಯ ವರ್ಣಚಿತ್ರ: ಮೊಣಕಾಲು ಮುಟ್ಟುವ ನೆರಿಗೆಯಂಗಿ, ಸೊಂಟಕ್ಕೆ ಬೆಲ್ಟು, ಕೆಳಗೆ ಇಣುಕುವ ಬಿಳಿ ಚಲ್ಲಣ, ಕೈಯಲ್ಲಿ ಉರುಳಿಸುವ ಬಳೆಚಕ್ರ. "ಹೂ ಈಸ್ ದಟ್ ಗರ್ಲ್?" ಎಂದ ಪ್ರಣವ. ಪಕ್ಕದ ಫಲಕ ಓದಲು ಹೇಳಿದೆ. ಹುಡುಗ ಎಂದಿತ್ತು. ಅವನು ಫಲಕವನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡುತ್ತ ಅಲ್ಲೇ ನಿಂತುಬಿಟ್ಟ.

ಹೊಲಿಗೆಯ ಹುಚ್ಚಿನಿಂದ ಉಡುಪುಗಳ ಚರಿತ್ರೆ ಓದಿಕೊಂಡಿದ್ದ ನನಗೆ ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೆ? ಆ ಕಾಲದ ಇಂಗ್ಲೆಂಡಿನಲ್ಲಿ ಪುಟ್ಟ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ಬಗೆಯ ಫ್ರಾಕಿನಲ್ಲಿ ಬೆಳೆಯುತ್ತಿದ್ದರು. ಗಂಡು ಮಗುವಿಗೆ ಮೊದಲ ಸಲ ಚಲ್ಲಣ ತೊಡಿಸುವ ದಿನ ಮನೆಮಂದಿಗೆಲ್ಲ ಸಂಭ್ರಮ, ಹೆತ್ತವಳಿಗೆ ಮಾತ್ರ ಮಗು ಕೈಜಾರಿತೆಂಬ ಸಂಕಟ. ಅತ್ತ ಶೈಶವ, ಇತ್ತ ಗಂಡಸುತನ, ಇವೆರಡರ ನಡುವೆ ಹತ್ತೊಂಬತ್ತನೆಯ ಶತಮಾನದ ದರ್ಜಿಗಳು ಕಟ್ಟಿಕೊಟ್ಟ ಸೇತುವೆಯೇ ಚಿತ್ರದ ಹುಡುಗ ತೊಟ್ಟಿದ್ದ ಆ ಬೆಲ್ಟಿನ ನೆರಿಗೆಯಂಗಿ, ಅಂದರೆ ಟ್ಯೂನಿಕ್ಕು: ಸೊಂಟದ ಮೇಲೆ ಅಪ್ಪನ ಕೋಟು, ಸೊಂಟದ ಕೆಳಗೆ ಅಮ್ಮನ ನೆರಿಗೆ. ಮುಂದೆ ಮೊಣಕಾಲಿನ ಚಲ್ಲಣವೂ ನಾವಿಕರ ಪೋಷಾಕೂ ಬಂದು, ಟ್ಯೂನಿಕ್ಕು ಇನ್ನೂ ಚಿಕ್ಕ ಹುಡುಗರ ಪಾಲಾಗುತ್ತ ಮೆಲ್ಲನೆ ಮರೆಯಾಯಿತು. ಎಂಥ ಕರುಣೆಯ ಕತ್ತರಿ ಅದು! ಮಗುವನ್ನು ಒಂದೇ ನೆಗೆತಕ್ಕೆ ದೊಡ್ಡವನಾಗು ಎಂದು ದೂಡಲಿಲ್ಲ. ಓಡಲು ಅವರು ನೆರಿಗೆ ಕೊಟ್ಟರು, ನಮ್ಮವರು ಜುಬ್ಬದ ಪಕ್ಕಗಳನ್ನು ಸೀಳಿ ಬಿಟ್ಟರು, ಉದ್ದೇಶವೊಂದೇ. ಹಲ್ಲು ಬಾರದ ಕೂಸಿಗೂ ಜೀನ್ಸ್ ಏರಿಸುವ ನಮಗೆ ಆ ವ್ಯವಧಾನವೆಲ್ಲಿ?

ವಾಪಸು ಬರುವಾಗ ಹೈವೇಯಲ್ಲಿ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು: "ಡಿಡ್ ದ ಅದರ್ ಕಿಡ್ಸ್ ಲಾಫ್ ಅಟ್ ಹಿಮ್?"

"ಯಾಕೋ ನಗ್ತಾರೆ? ಆ ಬೆಲ್ಟ್ ಕಟ್ಟಿದ್ರೆ ಹುಡುಗ ದೊಡ್ಡೋನಾದ ಅಂತ ಅರ್ಥ."

ಮನೆಗೆ ಬಂದು ನನ್ನ ಕೊನೆಯ ಅಸ್ತ್ರವನ್ನೂ ಪ್ರಯೋಗಿಸಿದೆ. ಮೈಸೂರಿನ ಸ್ಟುಡಿಯೋದಲ್ಲಿ, ನನ್ನ ಜವಳ ತೆಗೆಸುವ ಮುನ್ನ, ಹೋಗುವ ಕೂದಲಿಗೊಂದು ಮರ್ಯಾದೆಯಾಗಲೆಂದು ಅಮ್ಮ ಜರಿಲಂಗ ಉಡಿಸಿ ಮೊಗ್ಗಿನ ಜಡೆ ಹಾಕಿಸಿ, ಜಡೆ ಕಾಣಲೆಂದು ಬೆನ್ನ ಹಿಂದೆ ಕನ್ನಡಿ ಇಡಿಸಿ ತೆಗೆಸಿದ ಫೋಟೋ. ಪ್ರಣವ ಸೋಫಾದಿಂದ ಉರುಳಿಬೀಳುವಷ್ಟು ನಕ್ಕ. ನಕ್ಕು ಸುಸ್ತಾಗಿ ಮೆಲ್ಲಗೆ, "ವರ್ ಯೂ ಸ್ಯಾಡ್, ಅಪ್ಪಾ?" ಎಂದು ಕೇಳಿದ. ಮೂರು ವರ್ಷದವನಿಗೆ ಎಲ್ಲಿಯ ದುಃಖ? ಜಡೆಯ ಮೊಗ್ಗು ಕಿತ್ತು ತಿನ್ನುತ್ತಿದ್ದೆನಂತೆ, ಹಾಗೆಂದೆ.

ಯುಗಾದಿಯ ಬೆಳಿಗ್ಗೆ ಪ್ರಣವ ರೂಮಿನಿಂದ ಹೊರಬಂದ. ಮೈಮೇಲೆ ಜುಬ್ಬವೇನೋ ಇತ್ತು. ಅದರ ಮೇಲೆ, ನಟ್ಟನಡುವೆ, ಪ್ಯಾಂಟಿನ ಕಂದು ಬೆಲ್ಟು! ನೇರ ಇಳಿಯುವುದೇ ಜುಬ್ಬದ ಸೊಬಗು ಸ್ವಾಮಿ. ಬಾಯಿ ತೆರೆಯುವಷ್ಟರಲ್ಲಿ ಶುಭಾ ಕಣ್ಣಲ್ಲೇ ಗದರಿದಳು. ಫಂಕ್ಷನ್ ನಡೆಯುವ ಹಾಲ್‌ನಲ್ಲಿ ಧಾರವಾಡದ ಆಂಟಿಯೊಬ್ಬರು ತಡೆದು ಕೇಳಿಯೇಬಿಟ್ಟರು: "ಯಾಕೋ ತಮ್ಮಾ, ಜುಬ್ಬಾದ ಮ್ಯಾಲೆ ಬೆಲ್ಟ್ ಯಾಕ ಕಟಗೊಂಡಿ?" ಪಕ್ಕದಲ್ಲೇ ನಿಖಿಲ್ ನಿಂತಿದ್ದ.

"ಇಟ್ಸ್ ಎ ಟ್ಯೂನಿಕ್, ಆಂಟಿ. ಬಿಗ್ ಬಾಯ್ಸ್ ವೇರ್ ಇಟ್ ಲೈಕ್ ದಿಸ್" ಎಂದ ಪ್ರಣವ. ಆಮೇಲೆ, ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗ, ಯಾರೂ ಕೇಳದಿದ್ದರೂ ಕನ್ನಡದಲ್ಲಿ ಸೇರಿಸಿದ: "ನಮ್ಮಪ್ಪ ಹೊಲಿದಿದ್ದು." ನನ್ನ ಕಣ್ಣು ತುಂಬಿತು, ಬೇವುಬೆಲ್ಲದ ನೆಪ ಮಾಡಿಕೊಂಡು ಆಚೆ ಹೋದೆ.

ಈಗ ಹಲಗೆಯ ಮೇಲೆ ಅದೇ ಜುಬ್ಬ ಮಲಗಿದೆ. ತೋಳು, ಕೊರಳುಪಟ್ಟಿ, ಅಂಚು ಎಲ್ಲ ಗರಿಗರಿ. ನಡುವಿನಲ್ಲಿ ಮಾತ್ರ ಬೆಲ್ಟು ಕಟ್ಟಿದಲ್ಲಿ ಒಂದು ಸುಕ್ಕಿನ ಗೆರೆ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ, ಆ ಗೆರೆಯನ್ನು ಮುಟ್ಟಿಸದೆ ದಾಟಿಸುತ್ತೇನೆ. ಸಂಜೆ ನಿಖಿಲನ ಹುಟ್ಟುಹಬ್ಬ. ಅಲ್ಲಿಗೂ ಇದೇ ಬೇಕಂತೆ, ಬೆಲ್ಟಿನ ಸಮೇತ.