ಬಿಸಿಲು ಅಳೆಯುವ ಎಳೆ

ಆ ವರ್ಷಗಳಲ್ಲಿ ನನ್ನ ಬಳಿ ಯಾರಾದರೂ ಬರುತ್ತಿದ್ದರೆ ಅದು ಮೊದಲು ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಆಮೇಲೆ ಬಾಗಿಲಲ್ಲಿ. ಯಾರಾದರೂ ಅಂದರೆ ಒಬ್ಬರೇ, ಚಿಕ್ಕಮ್ಮ ಎನ್ನುವಂತೆ ನಾನು ಖಾಲಾ ಎಂದು ಕರೆಯುತ್ತಿದ್ದ ಮುದುಕಿ. ಇನ್ನುಳಿದವರಿಗೆ ಆ ಜಾಗಕ್ಕೆ ಬರಲು ಕಾರಣವೇ ಇರಲಿಲ್ಲ.

ಕಕ್ಕೇರಾದಿಂದ ಕೊಡೇಕಲ್ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಆಳವಾದ ಹಳ್ಳವಿದೆ. ಕಾಲುವೆಯ ನೀರು ಆ ಹಳ್ಳವನ್ನು ದಾಟುವುದು ಎತ್ತರದ ಕಂಬಗಳ ಮೇಲೆ ನಿಂತ ಉದ್ದನೆಯ ಕಾಂಕ್ರೀಟ್ ತೊಟ್ಟಿಯಲ್ಲಿ. ಕಾಗದದಲ್ಲಿ ಅದು ಮೇಲ್ಗಾಲುವೆ, ಸುತ್ತಲಿನ ಊರವರಿಗೆ ಬರೀ ಪೂಲ್, ಅಂದರೆ ಸೇತುವೆ. ಕಟ್ಟಿ ಬಹಳ ವರ್ಷಗಳಾಗಿ ಅಲ್ಲಲ್ಲಿ ಬಿರುಕು ಕಂಡಾಗ, ಅದರ ಮೈಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಅಂಟಿಸಿದರು. ಎಳೆಯೊಳಗೆ ಬೆಳಕು ಹೋಗಿ ತಿರುಗಿ ಬರುತ್ತದೆ. ಕಾಂಕ್ರೀಟು ಒಂದಿಷ್ಟು ಹಿಗ್ಗಿದರೂ ಎಳೆ ಹಿಗ್ಗುತ್ತದೆ, ತಿರುಗಿ ಬರುವ ಬೆಳಕಿನ ಬಣ್ಣ ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಎಷ್ಟು ಸರಿಯಿತೆಂದು ಯಂತ್ರ ಓದಿ ಗ್ರಾಫ್ ಬರೆಯುತ್ತದೆ. ಅದನ್ನು ಕಾಯಲು ಗುತ್ತಿಗೆದಾರರು ನೇಮಿಸಿದ ಟೆಕ್ನಿಷಿಯನ್ ನಾನು. ಸಗರದಲ್ಲಿ ಹುಟ್ಟಿದವಳು, ಯಾದಗಿರಿಯಲ್ಲಿ ಡಿಪ್ಲೊಮಾ ಮಾಡಿದವಳು, ಮದುವೆಯ ಮಾತು ಬಂದಾಗಲೆಲ್ಲ ಜಗಳ ತೆಗೆದು ಕೊನೆಗೆ ಆ ಮಾತನ್ನೇ ನಿಲ್ಲಿಸಿದವಳು.

ಇನ್ನೊಂದು ಎಳೆ ನೀರಿನೊಳಗೆ ಇಳಿದಿತ್ತು. ಅದರ ತುದಿಗೆ ಬಣ್ಣ ಬದಲಿಸುವ ಲೇಪ. ನೀರಿನಲ್ಲಿ ಅಮೋನಿಯ ಹೆಚ್ಚಿದರೆ, ಹುಳಿ ಹೆಚ್ಚಿದರೆ ತಿಳಿಸುತ್ತಿತ್ತು. ಮೇಲೆ ಎಲ್ಲೋ ಕುರಿ ಮೈ ತೊಳೆದರೆ, ಯಾರೋ ಗೊಬ್ಬರದ ಚೀಲ ಜಾಲಾಡಿದರೆ, ಸ್ವಲ್ಪ ಹೊತ್ತಿಗೆ ನನ್ನ ಪರದೆಯ ಮೇಲೆ ಗೆರೆ ಏಳುತ್ತಿತ್ತು. ಲೋಕದ ಸುದ್ದಿ ನನಗೆ ಬರುತ್ತಿದ್ದುದು ಹೀಗೆ. ಯಾರದೋ ಕುರಿ ತೊಳೆದದ್ದು ತಿಳಿಯಿತು ಎಂದು ಖುಷಿಪಡುವ ಸ್ಥಿತಿಗೆ ಬಂದ ಹೆಂಗಸು ಎಷ್ಟು ಒಂಟಿ ಇದ್ದಾಳೆ ಎಂದು ಬೇರೆ ಹೇಳಬೇಕಿಲ್ಲ.

ವಾಸಕ್ಕೆ ಕಾಲುವೆ ಕಟ್ಟುವ ಕಾಲದ ಕಾಲೊನಿಯಲ್ಲಿ ಒಂದು ಕ್ವಾರ್ಟರ್ಸ್ ಕೊಟ್ಟಿದ್ದರು. ಅಕ್ಕಪಕ್ಕದ ಮನೆಗಳ ಬಾಗಿಲು, ಕಿಟಕಿ ಯಾರ್ಯಾರೋ ಕಿತ್ತುಕೊಂಡು ಹೋಗಿದ್ದರು. ಒಳಗೆ ಜಾಲಿ ಬೆಳೆದಿತ್ತು. ಸಂಜೆ ಅಡುಗೆ ಮಾಡುವಾಗ ಎರಡು ತಟ್ಟೆ ತೆಗೆದು ಒಂದನ್ನು ತಿರುಗಿ ಇಡುತ್ತಿದ್ದೆ. ಯಾಕೆ ತೆಗೆಯುತ್ತಿದ್ದೆನೋ ದೇವರಿಗೇ ಗೊತ್ತು.

ಖಾಲಾ ಹಳ್ಳದ ಆಚೆ ಬದಿಯ ಊರಿನವರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕೌದಿ ಹೊಲಿದು ಜೀವನ ಮಾಡುತ್ತಿದ್ದರು. ಒಮ್ಮೆ, ತೊಟ್ಟಿಯ ಈಚೆ ತುದಿಯಲ್ಲಿ ಯಂತ್ರಗಳನ್ನಿಟ್ಟ ನನ್ನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳಿದರು. ಒಳಗೆ ತಿರುಗುತ್ತಿದ್ದ ಫ್ಯಾನ್ ನೋಡಿ, "ಸ್ವಲ್ಪ ಕುಂದರಲೇನ್ ಬೇಟಿ?" ಎಂದರು. ಅವತ್ತಿನಿಂದ ದಿನಾ ಬಂದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುವುದು, ಇಬ್ಬರೂ ಊಟ ಮಾಡುವುದು, ಬಿಸಿಲು ಇಳಿಯುವ ತನಕ ಅವರು ಕೌದಿ ಹೊಲಿಯುವುದು, ನಾನು ಗ್ರಾಫ್ ನೋಡುವುದು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವವರು ನನ್ನ ಜೊತೆ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಉರ್ದು ಹೊರಬೀಳುತ್ತಿತ್ತು.

ಅವರು ಬರುತ್ತಿದ್ದುದು ತೊಟ್ಟಿಯ ಪಕ್ಕದ ಕಾಲುದಾರಿಯಿಂದ. ಕಬ್ಬಿಣದ ಚಾಚುಗಳ ಮೇಲೆ ಕಾಂಕ್ರೀಟಿನ ಹಲಗೆಗಳನ್ನು ಸಾಲಾಗಿ ಕೂರಿಸಿದ ದಾರಿ ಅದು. ಹಳ್ಳಕ್ಕೆ ಇಳಿದು ಹತ್ತಲು ಅವರ ಮೊಣಕಾಲು ಒಪ್ಪುತ್ತಿರಲಿಲ್ಲ. ರಸ್ತೆಯಿಂದ ಬರಬೇಕೆಂದರೆ ಎರಡು ಬಸ್ಸು ಹಿಡಿದು ಸುತ್ತಬೇಕು. ಹಾಗಾಗಿ ನಮ್ಮಿಬ್ಬರ ಊಟ ನಿಂತಿದ್ದುದು ಆ ಹಲಗೆಗಳ ಮೇಲೆ. ಪ್ರತಿ ಹಲಗೆಯ ಅಡಿಗೂ ಎಳೆ ಅಂಟಿಸಿದ್ದರಿಂದ ಅವರು ನಡೆದಂತೆಲ್ಲ ಪರದೆಯ ಮೇಲೆ ಒಂದರ ನಂತರ ಒಂದು ಸಣ್ಣ ಗುಡ್ಡ ಏಳುತ್ತಿತ್ತು. ಮೊದಲ ಗುಡ್ಡ ಕಂಡಾಗ ನಾನು ಎದ್ದು ಮುಖ ತೊಳೆದುಕೊಳ್ಳುತ್ತಿದ್ದೆ.

"ನಡುವ ಯಾಕ ನಿಂತಿದ್ರಿ ಖಾಲಾ ಇವತ್ತು?" ಎಂದು ಒಮ್ಮೆ ಬಾಗಿಲಿಗೇ ಬಂದು ಕೇಳಿದೆ.

"ಯಾ ಅಲ್ಲಾ! ಅದನ್ನೂ ಚಾಡಿ ಹೇಳತದೇನ್ ನಿನ್ನ ಡಬ್ಬಿ? ಚಪ್ಪಲಿ ಹರದಿತ್ತು, ನಿಂತೆ. ಇನ್ನ ನಾ ಕೆಮ್ಮಿದ್ರೂ ಬರೀತದೇನ ನೋಡು."

ದಾರಿಯ ಆಚೆ ತುದಿಯಲ್ಲಿ, ಕ್ಯಾಬಿನ್ನಿನಿಂದ ಕಾಣದಂತೆ ಗೋಡೆಯ ಮರೆಯಲ್ಲಿ, ಒಂದು ಸಣ್ಣ ತಗಡಿನ ಪೆಟ್ಟಿಗೆ ಇತ್ತು. ಅದೇನು ಎಂದು ಅವರು ಕೇಳಿದಾಗ ಹೇಳಿದ್ದೆ: "ಅದರಾಗೂ ಒಂದು ಎಳಿ ಐತ್ರಿ. ಅದನ್ನ ಯಾವುದಕ್ಕೂ ಅಂಟಿಸಿಲ್ಲ, ಸುಮ್ನ ಬಿಟ್ಟಾರ. ಉಳಿದ ಎಳಿಗೋಳು ಭಾರಕ್ಕೂ ಹಿಗ್ಗತಾವು, ಬಿಸಿಲಿಗೂ ಹಿಗ್ಗತಾವು. ಇದು ಬರೀ ಬಿಸಿಲಿಗೆ ಹಿಗ್ಗತೈತಿ. ಇದರ ಲೆಕ್ಕ ಕಳದ್ರ ಉಳಿದದ್ದು ಭಾರ."

ಖಾಲಾ ಸೂಜಿ ನಿಲ್ಲಿಸಿದರು. "ಅಂದ್ರ ಆಕೀಗ ಯಾರ ಸಂಗಾಟೂ ಇಲ್ಲ. ಒಬ್ಬಾಕೀನ ಬಿಸಿಲಾಗ ಕುಂತು ಸುಡೂದ ಆಕೀ ಕೆಲಸ."

"ಹಂಗ ಅನ್ಕೋರಿ."

"ಪಾಪ," ಎಂದು ನನ್ನ ಮುಖ ನೋಡಿದರು. ನನಗೆ ಸಿಟ್ಟು ಬಂತು. ಗಾಜಿನ ಎಳೆಗೆ ಪಾಪ ಎನ್ನುವವರು ನನ್ನನ್ನು ಯಾಕೆ ನೋಡಬೇಕು ಎಂದುಕೊಂಡೆ.

ಬೇಸಿಗೆ ಏರುತ್ತಿದ್ದಂತೆ ಗ್ರಾಫಿನಲ್ಲಿ ಒಂದು ಹೊಸ ಚಾಳಿ ಶುರುವಾಯಿತು. ಖಾಲಾ ದಾಟಿ ಬಂದ ಮೇಲೆ ಹಲಗೆಗಳ ಗೆರೆ ಕೆಳಗಿಳಿದು ತನ್ನ ಜಾಗಕ್ಕೆ ಬರಬೇಕು. ಬರುತ್ತಿರಲಿಲ್ಲ. ಅವರು ನನ್ನೆದುರು ಕೂತು ರೊಟ್ಟಿ ಮುರಿಯುತ್ತಿದ್ದರೂ ಆ ಹಲಗೆಗಳು ಯಾರದೋ ಭಾರ ಹೊತ್ತಂತೆ ಹಿಗ್ಗಿಯೇ ಇರುತ್ತಿದ್ದವು, ಇನ್ನೂ ಮೇಲೇರುತ್ತಿದ್ದವು. ಅವರು ಹಿಂದಿರುಗಿ ಹೋದ ಮೇಲೆ ಸಂಜೆಯ ಹೊತ್ತಿಗೆ ಮೆಲ್ಲಗೆ ಇಳಿಯುತ್ತಿದ್ದವು. ಅವರು ಜ್ವರ ಬಂದು ಮನೆಯಲ್ಲಿ ಉಳಿದ ದಿನಗಳಲ್ಲಿ ಗೆರೆ ನೆಟ್ಟಗಿತ್ತು. ಮತ್ತೆ ಬಂದ ದಿನ ಮತ್ತೆ ಎದ್ದಿತು.

ಇದರ ಅರ್ಥ ಒಂದೇ ಎಂದು ತೋರಿತು. ಚಾಚುಗಳ ಬೋಲ್ಟು ಸಡಿಲಾಗಿವೆ, ಅವರು ಕಾಲಿಟ್ಟಾಗಲೆಲ್ಲ ಹಲಗೆಗಳು ಒಂದಿಷ್ಟು ಜಾರುತ್ತಿವೆ, ಒಂದು ದಿನ ಪೂರ್ತಿ ಜಾರುತ್ತವೆ. ಕೆಳಗೆ ಹಳ್ಳದ ಬಂಡೆಗಳು. ಮೇಲಿನವರಿಗೆ ತಿಳಿಸಿದರೆ ದಾರಿ ಮುಚ್ಚುತ್ತಾರೆ, ದಾರಿ ಮುಚ್ಚಿದರೆ ಖಾಲಾ ಬರುವುದು ನಿಲ್ಲುತ್ತದೆ. ತಿಳಿಸದಿದ್ದರೆ ಬರುತ್ತಲೇ ಇರುತ್ತಾರೆ, ಬೀಳುವ ತನಕ. ಅಂಥ ಲೆಕ್ಕದಲ್ಲಿ ಯೋಚಿಸುವುದೇನಿರುತ್ತದೆ? ಅವರು ಕೌದಿ ಹೊಲಿಯುತ್ತ ಕೂತಿದ್ದಾಗಲೇ ಹೊರಗೆ ಹೋಗಿ ಇಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದೆ.

ಸಾಹೇಬರು ದಕ್ಷಿಣದ ಕಡೆಯವರು, ಮಾತು ಮೃದು. "ಮೇಡಂ, ಇಲ್ಲಿ ಆಫೀಸಲ್ಲೂ ಗ್ರಾಫ್ ನೋಡಿದೆ, ನೀವು ಹೇಳೋದು ಸರಿ ಇದೆ. ಆ ಅಜ್ಜೀನ ಇವತ್ತೇ ವಾಪಸ್ ಆ ದಾರೀಲಿ ಕಳಿಸಬೇಡಿ," ಎಂದರು. ಅಂದೇ ಮಧ್ಯಾಹ್ನ ಜೀಪಿನಲ್ಲಿ ವೆಲ್ಡಿಂಗಿನವನು ಬಂದ. ಎರಡೂ ತುದಿಗೆ ಕಬ್ಬಿಣದ ಜಾಲರಿ ಕೂರಿಸಿ ಬೆಸುಗೆ ಹಾಕಿದ. ಖಾಲಾನ್ನ ಅದೇ ಜೀಪಿನಲ್ಲಿ ರಸ್ತೆ ಸುತ್ತಿ ಊರಿಗೆ ಕಳಿಸಿದೆವು. ಅವರಿಗೆ ಜೀಪಿನಲ್ಲಿ ಮುಂದೆ ಕೂತದ್ದೇ ದೊಡ್ಡ ಸಂಭ್ರಮ. ಕೈ ಬೀಸಿಕೊಂಡು ಹೋದರು.

ಆಮೇಲೆ ಗ್ರಾಫ್ ಚಪ್ಪಟೆಯಾಯಿತು. ಊಟದ ಹೊತ್ತಿಗೆ ಕಣ್ಣು ತಾನಾಗಿ ಮೊದಲ ಹಲಗೆಯ ಗೆರೆಗೆ ಹೋಗುತ್ತಿತ್ತು. ಒಂದು ದಿನ ಸಣ್ಣ ಗುಡ್ಡ ಎದ್ದದ್ದು ಕಂಡು ಓಡಿದೆ. ಜಾಲರಿಯ ಆಚೆ ಒಂದು ಮಂಗ ಕೂತು ಮೈ ಕೆರೆದುಕೊಳ್ಳುತ್ತಿತ್ತು. ಅದನ್ನು ಬಾಯಿಗೆ ಬಂದಂತೆ ಬೈದೆ. ಬೈದ ಮೇಲೆ, ಇವತ್ತು ಇದೇ ಮೊದಲ ಮಾತು ನಾನು ಆಡಿದ್ದು ಎಂದು ಹೊಳೆದು ಅಲ್ಲೇ ಕೂತು ಅತ್ತೆ.

ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಸಾಹೇಬರು ದುರಸ್ತಿಗೆಂದು ಜನರನ್ನು ಕರೆದುಕೊಂಡು ಬಂದರು. ಖಾಲಿ ತೊಟ್ಟಿಯೊಳಗಿಂದ ಹಲಗೆಗಳ ಮೇಲೆ ಹತ್ತಿ ಬೋಲ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿದರು, ಎಲ್ಲ ಬಿಗಿಯಾಗಿದ್ದವು. ಹಲಗೆಗಳ ಮೇಲೆ ಮರಳಿನ ಮೂಟೆ ಪೇರಿಸಿದರು. ಖಾಲಾನಂಥ ಹಲವು ಖಾಲಾಗಳ ಭಾರ ಅದು. ಮೂಟೆ ಇಳಿಸಿದ ಕೂಡಲೇ ಗೆರೆ ಸುಮ್ಮನೆ ತನ್ನ ಜಾಗಕ್ಕೆ ಬಂತು. ಸಾಹೇಬರು ತಲೆ ಕೆರೆದುಕೊಂಡು ಆಚೆ ತುದಿಯ ಪೆಟ್ಟಿಗೆ ನೋಡಲು ಹೋದರು, ನಾನೂ ಹಿಂದೆಯೇ ಹೋದೆ.

"ಮೇಡಂ, ಇದನ್ನ ಯಾರು ಇಟ್ಟಿದ್ದು?"

ಪೆಟ್ಟಿಗೆಯ ಮೇಲೆ ಒಂದು ಗೋಣಿಚೀಲ. ನಾಲ್ಕು ಮಡಿಕೆ ಮಾಡಿ, ಗಾಳಿಗೆ ಹಾರದಂತೆ ಕಲ್ಲು ಹೇರಿತ್ತು. ಒಣಗಿ ಸೆಟೆದುಕೊಂಡಿತ್ತು. ಅಂಚಿಗೆ ಕೆಂಪು ದಾರದ ಒತ್ತು ಹೊಲಿಗೆ. ಆ ಹೊಲಿಗೆಯನ್ನು ದಿನಾ ಎದುರು ಕೂತು ನೋಡಿದವಳಿಗೆ ಇನ್ನೇನು ಹೇಳಬೇಕು?

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದದ್ದರ ಮೇಲೆಲ್ಲ ಒದ್ದೆ ಗೋಣಿ ಹೊಚ್ಚುತ್ತೇವೆ. ನೀರಿನ ಕೊಡಕ್ಕೆ, ಹಾಲಿನ ಕ್ಯಾನಿಗೆ, ಈದ ಆಡಿನ ಬೆನ್ನಿಗೆ ಕೂಡ. ಖಾಲಾ ಈಚೆ ದಾಟುವ ಮೊದಲು ಗೋಣಿಯನ್ನು ಕಾಲುವೆಯಲ್ಲಿ ಅದ್ದಿ, ಆ ಒಬ್ಬಾಕೆಯ ಮೇಲೆ ಹೊಚ್ಚುತ್ತಿದ್ದರು. ಹಿಂದಿರುಗುವಾಗ, ಬಿಟ್ಟರೆ ಯಾರಾದರೂ ಒಯ್ಯುತ್ತಾರೆಂದು, ತೆಗೆದುಕೊಂಡು ಹೋಗುತ್ತಿದ್ದರು. ಬಿಸಿಲು ಅಳೆಯಬೇಕಾದ ಎಳೆ ತಣ್ಣಗೆ ಕೂತು, ಬಿಸಿಲೇ ಇಲ್ಲ ಎನ್ನುತ್ತಿತ್ತು. ಅತ್ತ ಹಲಗೆಗಳು ಬಿಸಿಲಿಗೆ ಹಿಗ್ಗುತ್ತಿದ್ದವು. ಯಂತ್ರ ಆ ಹಿಗ್ಗನ್ನೆಲ್ಲ ಭಾರದ ಲೆಕ್ಕಕ್ಕೆ ಬರೆಯುತ್ತಿತ್ತು. ಅವರನ್ನು ಜೀಪಿನಲ್ಲಿ ಕಳಿಸಿದ ದಿನ ಚೀಲ ಅಲ್ಲೇ ಉಳಿದಿತ್ತು, ಅಷ್ಟೇ. ಅದು ಒಣಗಿದ ಮೇಲೆ ಪೆಟ್ಟಿಗೆ ಮತ್ತೆ ಬಿಸಿಲಿಗೆ ಕಾದು ಲೆಕ್ಕ ಸರಿಹೋಗಿತ್ತು, ಗೆರೆ ಚಪ್ಪಟೆಯಾದದ್ದು ಅದಕ್ಕೇ. ನಾನು ಸಾಹೇಬರಿಗೆ, "ಯಾರೋ ದನ ಕಾಯೋರು ಇಟ್ಟಿರಬೇಕ್ರಿ ಸರ್," ಎಂದು ಚೀಲವನ್ನು ನನ್ನ ಬ್ಯಾಗಿಗೆ ತುರುಕಿಕೊಂಡೆ.

"ಹಂಗಾದ್ರ ದಾರಿ ಗಟ್ಟಿ ಐತಲ್ರಿ. ಜಾಲರಿ ತಗೀರಿ," ಎಂದೆ.

ಅವರು ಪಾಪ ಮುಜುಗರಪಟ್ಟರು. ಆ ದಾರಿ ಮೊದಲಿನಿಂದಲೂ ಜನರಿಗೆಂದು ಇದ್ದದ್ದಲ್ಲ, ಒಮ್ಮೆ ಅಪಾಯ ಎಂದು ಮುಚ್ಚಿದ್ದನ್ನು ತಾವಾಗಿ ತೆಗೆಸಲು ಬರುವುದಿಲ್ಲ, ಆಚೆ ಊರಿನವರು ದಾರಿ ಬೇಕೆಂದು ಅರ್ಜಿ ಕೊಟ್ಟರೆ ಮಾತ್ರ ಮೇಲಕ್ಕೆ ಕಳಿಸಬಹುದು ಎಂದರು. ಮುಚ್ಚಲು ನನ್ನ ಒಂದು ಫೋನ್ ಸಾಕಾಗಿತ್ತಲ್ಲ ಎಂದು ಕೂಗಾಡಿದೆ. ಅವರು ಕಿವಿಗೆ ಹಾಕಿಕೊಳ್ಳದೆ ಜೀಪು ಹತ್ತಿದರು.

ಮುಂದಿನ ಭಾನುವಾರ ಎರಡು ಬಸ್ಸು ಬದಲಿಸಿ ಖಾಲಾನ ಊರಿಗೆ ಹೋದೆ. ಬ್ಯಾಗಿನಲ್ಲಿ ಅರ್ಜಿಯ ಹಾಳೆ ಇತ್ತು, ಕೆಳಗೆ ಗೋಣಿಚೀಲ ಇತ್ತು. ನನ್ನನ್ನು ಕಂಡದ್ದೇ ಖಾಲಾ ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದರು.

"ಬರ್ರೆ, ನೋಡ್ರೆ, ಇಕೀನ ನೋಡ್ರಿ ನನ್ನ ಜೀವಾ ಉಳಿಸಿದಾಕಿ! ಕೂದಲದಷ್ಟು ಎಳಿ ಇಟಗೊಂಡು, ನಾ ಬೀಳತೀನಿ ಅಂತ ಮದಲ ಹೇಳ್ಯಾಳ. ನನ್ನ ಸಲುವಾಗಿ ಜೀಪ್ ತರಿಸ್ಯಾಳ!"

ಆ ಹೆಂಗಸರ ಮುಂದೆಯೇ ನಾನು ಹಾಳೆ ತೆಗೆದೆ. ದಾರಿ ಗಟ್ಟಿಯಾಗಿದೆ, ಸಾಹೇಬರು ಮೂಟೆ ಹೇರಿ ನೋಡಿದ್ದಾರೆ, ಯಂತ್ರ ತಪ್ಪು ತೋರಿಸಿತ್ತು, ಎಲ್ಲರೂ ಸಹಿ ಹಾಕಿದರೆ ಜಾಲರಿ ತೆಗೆಯುತ್ತಾರೆ ಎಂದು ಹೇಳಿದೆ. ಯಾರೂ ಕೈ ಚಾಚಲಿಲ್ಲ. ಎಲ್ಲರೂ ಖಾಲಾನ ಮುಖ ನೋಡಿದರು. ಖಾಲಾ ಹಾಳೆಯನ್ನು ಮಡಿಚಿ ನನ್ನ ಕೈಗೇ ಕೊಟ್ಟು, ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸಿದರು. ಇಬ್ಬರೇ ಆದ ಮೇಲೆ ಮಾತು ತೆಗೆದರು.

"ನಿನ್ನ ಡಬ್ಬಿ ತಪ್ಪು ಹೇಳಂಗಿಲ್ಲ ಬೇಟಿ. ನನ್ನ ಚಪ್ಪಲಿ ಹರದಿದ್ದು ಸೈತ ಹೇಳೇದ ಅದು. ತಪ್ಪು ನೀ ಹೇಳಾಕತ್ತಿ."

"ಇಲ್ರಿ ಖಾಲಾ, ಖರೇನ..."

"ಒಬ್ಬಾಕೀ ಇರತಿ. ನಾ ಬರಲಿ ಅಂತ ಹಿಂಗ ಅನ್ನಾಕತ್ತಿ. ನನಗ ತಿಳೀತದ. ನನಗೂ ಇಲ್ಲಿ ಹೊತ್ತು ಹೋಗಂಗಿಲ್ಲ, ರೊಟ್ಟಿ ಗಂಟಲಾಗ ಇಳಿಯಂಗಿಲ್ಲ. ಆದ್ರ ನಾ ಬರಂಗಿಲ್ಲ. ನಾ ಮುದುಕಿ, ಬಿದ್ರ ಬೀಳತೀನಿ. ಆಮ್ಯಾಲ ನೀ ಬದುಕೂತನಾ ಸುಡತಿ. ಹೌದಿಲ್ಲ? ಸುಳ್ಳು ಹೇಳಿದಿ ಹೌದಿಲ್ಲ?"

ಪಕ್ಕದಲ್ಲೇ ಬ್ಯಾಗು ಇತ್ತು. ಚೀಲ ತೆಗೆದು ಅವರ ಮುಂದೆ ಇಟ್ಟಿದ್ದರೆ ಸಾಕಿತ್ತು. ನಂಬುತ್ತಿದ್ದರು, ಹೆಂಗಸರಿಂದ ಸಹಿ ಹಾಕಿಸುತ್ತಿದ್ದರು, ದಾರಿ ತೆರೆಯುತ್ತಿತ್ತು. ಅದರ ಜೊತೆಗೆ, ಒಂಟಿ ಎಂದು ಪಾಪ ಅನಿಸಿ ತಾವು ಹೊಚ್ಚಿದ ಗೋಣಿಯೇ ನಮ್ಮಿಬ್ಬರ ದಾರಿ ಮುಚ್ಚಿತು ಎಂಬುದೂ ಅವರಿಗೆ ತಿಳಿಯುತ್ತಿತ್ತು. ನನ್ನ ಕೈ ಬ್ಯಾಗಿನ ತನಕ ಹೋಯಿತು. ಅವರು ನನ್ನನ್ನೇ ನೋಡುತ್ತಿದ್ದರು.

"ಹೌದ್ರಿ ಖಾಲಾ," ಎಂದೆ. "ಸುಳ್ಳು ಹೇಳಿದೆ."

ಅವರು ನನ್ನ ತಲೆ ಸವರಿ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.