ತತ್ತಿದಿಬ್ಬದ ಹಕ್ಕಿಗಳಿಗೆ ಕುರಿಮಂದೆಯ ಕಾವಲು

“ಮೊದ್ಲು ಇದನ್ನ ಹೊದ್ಕೊಳ್ರಿ ಸರ, ಆಮ್ಯಾಲೆ ತೆಪ್ಪ ಹತ್ರಿ.”

ಮೇ ತಿಂಗಳ ನಸುಕು. ತಂಬ್ರಹಳ್ಳಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಗಾದೆಮ್ಮ ನನ್ನ ಕೈಗೊಂದು ಕರಿ ಕಂಬಳಿ ತುರುಕುತ್ತಾರೆ. ಈ ಸೆಕೆಗೆ ತೊಟ್ಟ ಅಂಗಿಯೇ ಹೆಚ್ಚು, ಅದರ ಮೇಲೆ ಕಂಬಳಿ ಬೇರೆ! ನಾನು ಮುಖ ಕಿವುಚಿದ್ದು ನೋಡಿ ಅವರಿಗೆ ನಗು. “ಬಣ್ಣದ ಅಂಗಿ ಕಂಡ್ರ ಹಕ್ಕಿ ಎದ್ದು ಹೋಗ್ತಾವ. ಕಂಬಳಿ ಅಂದ್ರ ನಮ್ಮೋರು ಅಂದ್ಕೊಂತಾವ. ಬೆವತ್ರ ಯಾರೂ ಸಾಯಂಗಿಲ್ಲ, ಕುಂದ್ರಿ.” ಕೊಟ್ಟೂರಿನಿಂದ ಕ್ಯಾಮೆರಾ ತಂದಿರುವ ಶಿಕ್ಷಕಿ ಗೀತಾಂಜಲಿ ಆಗಲೇ ಹೊದ್ದು ಕೂತಿದ್ದಾರೆ. ಅವರು ಹಿಂದೊಮ್ಮೆ ಬಂದು ಬೈಸಿಕೊಂಡವರಂತೆ.

ಬಿದಿರಿನ ದುಂಡು ತೆಪ್ಪ ಒಂದು ಗಿರಕಿ ಹೊಡೆದು ಮುಂದೆ ಸಾಗುತ್ತದೆ. ಗಾದೆಮ್ಮ ಮಂಡಿಯೂರಿ ಹುಟ್ಟು ಹಾಕುತ್ತಾರೆ. ವಯಸ್ಸು ಐವತ್ತರ ಆಸುಪಾಸು. ಕೇಳಿದರೆ “ಅವ್ವನ್ನ ಕೇಳ್ಬೇಕಿತ್ತು, ಆಕಿ ಹೋಗಿ ಭಾಳ ದಿನ ಆತು” ಎನ್ನುತ್ತಾರೆ. ಎದುರಿಗೆ ಕಾಣುವ ಮರಳುಗುಡ್ಡೆಯೇ ತತ್ತಿದಿಬ್ಬ. ಹಕ್ಕಿಗಳಿಗೆಂದೇ ಮೀಸಲಾದ ಈ ನಡುಗಡ್ಡೆಯಲ್ಲಿ ಯಾರೂ ಕಾಲಿಡುವಂತಿಲ್ಲ, ತೆಪ್ಪದಲ್ಲೇ ಸುತ್ತು ಹಾಕಿ ನೋಡಬೇಕು.

ಸಮುದ್ರವೆಲ್ಲಿ, ನಮ್ಮ ಹಗರಿಬೊಮ್ಮನಹಳ್ಳಿ ಎಲ್ಲಿ! ಆದರೂ ಕಡಲಹಕ್ಕಿಗಳ ಬಳಗದ ರೀವ ಎಂಬ ಹಕ್ಕಿಗಳು ಇಲ್ಲಿ ಸಂಸಾರ ಹೂಡಿವೆ. ಹಳದಿ ಕೊಕ್ಕು, ಕವಲೊಡೆದ ಬಾಲ, ತಲೆಯ ಮೇಲೆ ಟೋಪಿ ಇಟ್ಟಂಥ ಕಪ್ಪು. ಗಾದೆಮ್ಮನ ಬಾಯಲ್ಲಿ ಅವು ‘ಟೊಪ್ಪಿಗಿ ಹಕ್ಕಿ’. ಗೂಡು ಗೀಡು ಏನೂ ಕಟ್ಟದೆ ಬರಿ ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಒಂದು ಹಕ್ಕಿ ನೀರಿಗೆ ಧುಮುಕಿ ಮೀನು ಹಿಡಿದು ತಂದರೆ, ದಿಬ್ಬದ ಮೇಲೆ ಮರಿಗಳ ಗಲಾಟೆಯೋ ಗಲಾಟೆ. ಹೆಚ್ಚಿನ ಮರಿಗಳು ಬಲಿತಿವೆ, ರೆಕ್ಕೆ ಬಡಿಯುತ್ತಿವೆ. ಆದರೆ ಒಂದೂ ಇನ್ನೂ ನೆಲ ಬಿಟ್ಟಿಲ್ಲ.

“ಇವತ್ತರ ಹಾರ್ತಾವೇನೋ,” ಗಾದೆಮ್ಮ ಹುಟ್ಟು ನಿಲ್ಲಿಸಿ ಹೇಳುತ್ತಾರೆ. “ಹಾರಿಬಿಟ್ರ ನಾ ಗೆದ್ದಂಗ.”

ಅವರ ಈ ಚಡಪಡಿಕೆಗೆ ಕಾರಣ ಹೋದ ವರ್ಷದ ಬೇಸಿಗೆ. ನೀರು ಇಳಿದು, ದಿಬ್ಬಕ್ಕೂ ದಡಕ್ಕೂ ನಡುವೆ ಮಣ್ಣಿನ ಹಾದಿಯೊಂದು ಎದ್ದಿತು. ಅದರ ಮೇಲೆ ಬೀದಿನಾಯಿಗಳು ದಾಟಿ ಹೋದವು. ಬೆಳಗ್ಗೆ ತೆಪ್ಪ ತಂದ ಗಾದೆಮ್ಮನಿಗೆ ಒಂದು ಮರಿಯೂ ಕಾಣಲಿಲ್ಲ. “ಮನಿಗೆ ಹೋಗಿ ಬಾಗ್ಲ ಹಾಕ್ಕೊಂಡ್ನಿ. ತಾಯಿಹಕ್ಕಿ ಮ್ಯಾಲೆ ಸುತ್ತಿ ಸುತ್ತಿ ಕೂಗೋದು ಕೇಳಕ್ಕಾಗ್ತಿದ್ದಿಲ್ಲ.”

ಈ ಸಲ ಮೊಟ್ಟೆ ಕಂಡ ಕೂಡಲೇ ಅರಣ್ಯ ಇಲಾಖೆಯ ಕಾವಲುಗಾರರ ಅನುಮತಿ ಪಡೆದು ದಿಬ್ಬಕ್ಕೆ ಇಳಿದರು. ಕುರಿ ಸಾಕುವ ಮನೆಯ ಹೆಣ್ಣುಮಗಳಲ್ಲವೇ, ಕುರಿಮರಿಗಳಿಗೆ ಕಟ್ಟುವ ಹಾಗೆ ಮೊಟ್ಟೆಗಳ ಸುತ್ತ ಜಾಲಿಮುಳ್ಳಿನ ಬೇಲಿ ಸುತ್ತಿಬಿಟ್ಟರು! ಹಕ್ಕಿಗಳು ಬೆದರಿ ಮೇಲೆದ್ದವು, ಕೆಳಗಿಳಿಯಲೇ ಇಲ್ಲ. “ಬಿಸ್ಲಿಗೆ ತತ್ತಿ ಬೆಂದು ಹೋಗ್ತಾವಲ್ಲೋ ಶಿವನೇ ಅಂತ ಬರೀ ಕೈಲೇ ಮುಳ್ಳು ಕಿತ್ತು ಒಗದ್ನಿ.” ಮೊಣಕೈವರೆಗಿನ ಗೀರುಗಳನ್ನು ತೋರಿಸಿ, ತನ್ನ ಪೆದ್ದುತನಕ್ಕೆ ತಾನೇ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಪುಣ್ಯಕ್ಕೆ ಹಕ್ಕಿಗಳು ಮರಳಿದವು.

ಆಮೇಲೆ ಹೊಳೆದದ್ದೇ ಕುರಿಮಂದೆಯ ಉಪಾಯ. ಈ ಕಡೆ ಬೇಸಿಗೆಯಲ್ಲಿ ಗೊಬ್ಬರಕ್ಕಾಗಿ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುವುದು ರೂಢಿ. ಅದೇ ಮಂದೆಯನ್ನು ಈ ಸಲವೂ ಎದ್ದಿದ್ದ ಮಣ್ಣಿನ ಹಾದಿಗೆ ಅಡ್ಡಲಾಗಿ ನಿಲ್ಲಿಸಿ, ಬಲೆ ಕಟ್ಟಿದರೆ? ಹಟ್ಟಿಯ ನಾಯಿಗಳು ಕಾವಲಿರುವಾಗ ಬೀದಿನಾಯಿ ಹತ್ತಿರ ಸುಳಿದೀತೇ? ಗಂಡ ಚೌಡಣ್ಣ ಸುತಾರಾಂ ಒಪ್ಪಲಿಲ್ಲ. ಹೊಲದವರು ಕರೆದು ಊಟ ಹಾಕುವಾಗ ಉಸುಕಿನಲ್ಲಿ ಕುರಿ ನಿಲ್ಲಿಸುವ ಹುಚ್ಚು ಯಾರಿಗೆ ಬೇಕು?

“ನಾ ಜಗಳ ಮಾಡ್ಲಿಲ್ರಿ. ಮಾತ ಬಿಟ್ಟೆ. ನಾ ಮಾತ ಬಿಟ್ರ ಮನಿಯಾಗ ಯಾರಿಗೂ ನಿದ್ದಿ ಬರಂಗಿಲ್ಲ,” ಎಂದು ಕಣ್ಣು ಮಿಟುಕಿಸುತ್ತಾರೆ. ಚೌಡಣ್ಣ ಕುರಿ ಹೊಡೆದುಕೊಂಡು ಬಂದರು. ಬಂದ ದಿನದಿಂದ ಗೊಣಗುತ್ತಲೇ ಇದ್ದಾರಂತೆ.

ಅಷ್ಟರಲ್ಲಿ ಗೀತಾಂಜಲಿ ನನ್ನ ತೋಳು ಜಗ್ಗುತ್ತಾರೆ. ದಿಬ್ಬದ ಅಂಚಿನಲ್ಲಿ ಒಂದು ಮರಿ ಗಾಳಿಗೆ ಎದುರಾಗಿ ನಿಂತಿದೆ. ರೆಕ್ಕೆ ಬಿಚ್ಚುತ್ತದೆ, ಎರಡು ಹೆಜ್ಜೆ ಓಡುತ್ತದೆ, ಮುಗ್ಗರಿಸುತ್ತದೆ. ಮತ್ತೆ ಓಡುತ್ತದೆ. ಅಯ್ಯೋ, ನೀರಿಗೆ ಬಿತ್ತು ಅನ್ನುವಷ್ಟರಲ್ಲಿ ಮೇಲೆದ್ದುಬಿಡುತ್ತದೆ! ಓಲಾಡುತ್ತಾ ನಮ್ಮ ತಲೆಯ ಮೇಲೆಯೇ ಸಾಗುತ್ತದೆ.

“ಹಾರಿತ್ ನೋಡ್ರಿ! ನನ ಕೂಸು ಹಾರಿತ್ ನೋಡ್ರಿ!” ಗಾದೆಮ್ಮ ಎದ್ದು ನಿಂತ ರಭಸಕ್ಕೆ ತೆಪ್ಪ ವಾಲುತ್ತದೆ. ನನಗೆ ಈಜು ಬರುವುದಿಲ್ಲ ಎಂಬುದು ಆಗ ನೆನಪಾಗುತ್ತದೆ, ಆದರೂ ನಾನೂ ಕೇಕೆ ಹಾಕುತ್ತಿದ್ದೇನೆ. ಇಷ್ಟು ಖುಷಿಪಟ್ಟು ಎಷ್ಟು ಕಾಲವಾಗಿತ್ತೋ!

ಗಂಡನ ಬುತ್ತಿ ಕೊಡಲು ಮಣ್ಣಿನ ಹಾದಿಯತ್ತ ತೆಪ್ಪ ತಿರುಗುತ್ತದೆ. ಬಲೆಯೊಳಗೆ ಕುರಿಗಳು ಮೆಲುಕು ಹಾಕುತ್ತಿವೆ. ಚೌಡಣ್ಣ ನೀರಿನಂಚಿಗೆ ಬಂದು ನಿಂತಿದ್ದಾರೆ, ಕತ್ತು ಮೇಲಕ್ಕೆತ್ತಿ.

“ಕಂಡ್ರಿಲ್ಲೋ? ಹಾರಾಕ ಶುರು ಮಾಡ್ಯಾವ,” ಗಾದೆಮ್ಮ ದೊಡ್ಡ ಮನಸ್ಸು ಮಾಡುತ್ತಾರೆ. “ನಾಕೈದು ದಿನಕ್ಕ ಎಲ್ಲಾ ಎದ್ದು ಹೋಗ್ತಾವ. ನೀವು ಬೇಕಂದ್ರ ನಾಳೆನೇ ಕುರಿ ಹೊಡ್ಕೊಂಡು ಹೋಗ್ರಿ. ಹೊಲದೋರು ಕರಿಯಾಕ ಹತ್ಯಾರಲ್ಲ.”

“ಏ, ಸುಮ್ನಿರು ನೀ,” ಚೌಡಣ್ಣ ಸಿಡುಕುತ್ತಾರೆ. “ಒಂದು ಹಾರಿದ್ರ ಆತೇನು? ಸಣ್ಣವು ಇನ್ನಾ ಎಷ್ಟದಾವ ಅಲ್ಲಿ! ಕಡೀ ಮರಿ ಹಾರೋ ಮಟ ನನ್ನ ಕುರಿ ಇಲ್ಲಿಂದ ಕದಲಂಗಿಲ್ಲ.”

ಗಾದೆಮ್ಮ ಬುತ್ತಿ ಹಿಡಿದುಕೊಂಡೇ ಗಂಡನನ್ನು ನೋಡುತ್ತಾರೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

“ಸರ, ನನ್ನ ಕತಿ ಬಿಡ್ರಿ. ಇವ್ರು ಈಗ ಅಂದ್ರಲ್ಲ, ಅದನ್ನ ಬರ್ಕೊಳ್ರಿ. ಪೇಪರ್‌ನಾಗ ಬಂದ್ರ ಬರೋ ವರ್ಷ ಇಲ್ಲ ಅನ್ನಾಕ ಬರಂಗಿಲ್ಲ.”