ಅಟ್ಟದ ಮೇಲಿನ ಕಾಯಿಗೆ ನೀರು

ತಿಪಟೂರಿನಿಂದ ಪ್ರತಿ ಭಾನುವಾರ ತವರಿಗೆ ಹೋಗುವುದು ನನ್ನ ಹಳೇ ಚಟ. ಹೋದವಳು ತಿಂದುಂಡು ಮಲಗಿ ಬರಬಾರದಾ? ಅಣ್ಣನ ಮಗಳು ಮೂರು ಹೊತ್ತೂ ಮೊಬೈಲ್ ಹಿಡಿದು ಕೂತಿರುವುದನ್ನು ನೋಡಿ ಮೈ ಉರಿದು, ಗೆರೆಯಿಲ್ಲದ ನೋಟ್‌ಬುಕ್ ಒಂದನ್ನು ತೆಗೆದುಕೊಂಡು ಹೋದೆ.

"ಮನೆ ಸುತ್ತ ಯಾವುದಾದ್ರೂ ಒಂದು ಜೀವ ಆರಿಸ್ಕೊ. ದಿನಾ ನೋಡು, ಕಂಡಿದ್ದು ಬರಿ, ಚಿತ್ರ ಬಿಡಿಸು. ಆದ್ರೆ ಒಂದು ಸುಳ್ಳೂ ಬರೀಬಾರ್ದು ಕಣೇ" ಎಂದೆ. ತೋಟದಲ್ಲಿ ಅಳಿಲಿದೆ, ಬಾವಿ ಮೇಲೆ ಗೀಜಗ ಗೂಡು ಕಟ್ಟಿದೆ, ಬೇಲಿ ತುಂಬ ಓತಿಕ್ಯಾತಗಳು. ನನ್ನ ಆಸೆ ದೊಡ್ಡದಿತ್ತು.

ಮೂರನೇ ಕ್ಲಾಸಿನ ಆ ಸೋಮಾರಿ ಆರಿಸಿಕೊಂಡದ್ದು ಅಟ್ಟದ ಮೇಲಿನ ಒಂದು ತೆಂಗಿನಕಾಯಿಯನ್ನು.

"ಅದೂ ಜೀವಾನೇನೇ?"

"ಹೂಂ ಕಣತ್ತೆ. ಎಲ್ಲೂ ಓಡೋಗಲ್ಲ. ಹುಡುಕೋ ಕೆಲ್ಸಾನೇ ಇಲ್ಲ."

ನಮ್ಮ ಕಡೆ ಸಿಪ್ಪೆ ಸುಲಿಯದ ಕಾಯಿಗಳನ್ನು ಅಟ್ಟಕ್ಕೆ ಹಾಕಿ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಉಂಡೆಯಾಗಲು ಹತ್ತಿರಹತ್ತಿರ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಅಪ್ಪ ಆ ಅಟ್ಟವನ್ನು ದೇವರಮನೆಗಿಂತ ಹೆಚ್ಚು ಮಡಿಯಲ್ಲಿ ಕಾಯುತ್ತಾರೆ. ತೇವ ತಗುಲಿದರೆ ಕಾಯಿ ಕೆಟ್ಟಿತು ಅಂತಲೇ ಲೆಕ್ಕ. ಮೊಮ್ಮಗಳಿಗೂ ಒಣಗಿದ ಕೈಯಲ್ಲಿ ಮುಟ್ಟಬೇಕು ಎಂಬ ಷರತ್ತಿನ ಮೇಲೆಯೇ ಏಣಿ ಹತ್ತಲು ಬಿಟ್ಟರು. ಅವಳು ಮೂಲೆಯ ಕಾಯೊಂದಕ್ಕೆ ಸುಣ್ಣದ ಬೊಟ್ಟಿಟ್ಟು ತನ್ನದು ಮಾಡಿಕೊಂಡಳು.

ಮುಂದಿನ ವಾರ ಪುಸ್ತಕ ತೆರೆದು ನೋಡಿದೆ. ಸೋಮವಾರ: ಏನೂ ಆಗಿಲ್ಲ. ಮಂಗಳವಾರ: ಏನೂ ಆಗಿಲ್ಲ. ಬುಧವಾರ: ಜೇಡ ಬಂತು, ಅದಕ್ಕೂ ಬೇಜಾರಾಗಿ ಹೋಯ್ತು. ನನಗೆ ನಗು ತಡೆಯಲಾಗಲಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳು ಎಂದು ಉಪಾಯ ಹೇಳಿಕೊಟ್ಟೆ. ಅದರ ಮುಂದಿನ ವಾರ ಹೀಗಿತ್ತು: ಅಲ್ಲಾಡಿಸಿದೆ. ಗುಳುಗುಳು ಅಂತು. ಏನೂ ಆಗಿಲ್ಲ.

"ನನ್ನ ನೋಡಿ ಪಕ್ಕದ್ಮನೆ ಹುಡುಗೀನೂ ಪುಸ್ತಕ ಮಾಡ್ಕೊಂಡು ಕೋಳಿ ಆರಿಸ್ಕೊಂಡವ್ಳೆ ಅತ್ತೆ. ಮರಿ ಆಯ್ತಂತೆ, ಹದ್ದು ಬಂತಂತೆ. ನಾನು ವರ್ಷಪೂರ್ತಿ ಏನೂ ಆಗಿಲ್ಲ ಅಂತ್ಲೇ ಬರೀಲಾ?" ಎಂದಾಗ ಅವಳ ಕಣ್ಣು ತುಂಬಿತ್ತು. ನನಗೂ ಅಯ್ಯೋ ಅನ್ನಿಸಿತು. ಆದರೂ ತಾಳಿದವನು ಬಾಳಿಯಾನು ಎಂದು ಒಂದು ಗಾದೆ ಒಗೆದು ಬಸ್ಸು ಹತ್ತಿದೆ.

ಕೆಲವು ತಿಂಗಳಾದ ಮೇಲೆ ಪುಸ್ತಕಕ್ಕೆ ಜೀವ ಬಂತು. ಮೂತಿ ಉಬ್ಬಿದೆ, ಬಿಳಿ ಕೊಂಬು ಬಂತು, ಕೊಂಬು ಹಸಿರಾಯ್ತು. ಚಿತ್ರಗಳೂ ಚೆನ್ನಾಗಿದ್ದವು. ಸುಳ್ಳು ಬರೀಬಾರದೆಂದ ನನ್ನ ಮಾತನ್ನೇ ಮರೆತು, ಎಂಥಾ ಕಲ್ಪನೆ ಹುಡುಗಿಗೆ ಎಂದು ಬೀಗುತ್ತಿರುವಾಗಲೇ ಮೇಲಿನಿಂದ ಅಪ್ಪನ ಗುಡುಗು ಕೇಳಿತು.

"ಯಾವಳೇ ಅದು, ಅಟ್ಟದ ಮೇಲೆ ನೀರು ಹುಯ್ದೋಳು!"

ಗೇಣುದ್ದ ಮೊಳಕೆ ಬಂದ ಕಾಯಿ ಹಿಡಿದು ಅಪ್ಪ ಏಣಿ ಇಳಿದರು. "ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತು ಅನ್ನಂಗೆ, ಸುತ್ತಲ ಕಾಯಿಗೂ ಬೂಷ್ಟು ಹತ್ತೈತೆ!"

ಹುಡುಗಿ ಸ್ಕೂಲಿನ ನೀರಿನ ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು. "ತಾತ, ಸುಳ್ಳು ಬರೀಬ್ಯಾಡ ಅಂತ ಅತ್ತೆ ಅಂದಿದ್ರು. ಸುಮ್ನೆ ಏನೋ ಆಯ್ತು ಅಂತ ಬರೆದ್ರೆ ಸುಳ್ಳಾಗ್ತಿತ್ತು. ಅದಕ್ಕೇ ದಿನಾ ನೀರು ಹಾಕಿ, ಆದ್ಮೇಲೇ ಬರ್ದೆ."

ಅಪ್ಪ ನನ್ನ ಕಡೆ ತಿರುಗಿದರು. "ಮಗೀದು ತಪ್ಪಿಲ್ಲ ಬುಡು. ಪಾಠ ಹೇಳ್ಕೊಟ್ಟೋಳ್ದು."

ಬೈಸಿಕೊಂಡರೂ ನನ್ನ ಕಣ್ಣು ಆ ಕಾಯಿಯ ಮೇಲೇ ಇತ್ತು. ಮೊಳೆತ ಕಾಯಿಯೊಳಗೆ ಹತ್ತಿಯಂಥ ಮೆತ್ತನೆ ಸಿಹಿ ಉಂಡೆಯೊಂದು ಇರುತ್ತದೆ. ಚಿಕ್ಕವಳಿದ್ದಾಗ ಅದಕ್ಕಾಗಿ ಅಣ್ಣನ ಜುಟ್ಟು ಹಿಡಿದವಳು ನಾನು. ಅಪ್ಪ ಮಚ್ಚು ತಂದರು. ಅಮ್ಮ ತಟ್ಟೆ ತಂದಳು. ಹುಡುಗಿ ಕಾಯಿ ಕಿತ್ತುಕೊಂಡು ಅವುಚಿಕೊಂಡಳು.

"ಒಡೀಬ್ಯಾಡಿ! ಒಡೆದ್ರೆ ನಾಳೆ ನಾನೇನು ಬರೀಲಿ?"

ನಾನು ದನಿಗೆ ಜೇನು ಸವರಿದೆ. "ಒಳಗೇನೈತೆ ಅಂತ ನೋಡ್ಬೇಡ್ವಾ ಬಂಗಾರ? ಅದು ಬರೀದಿದ್ರೆ ಪುಸ್ತಕ ಅರ್ಧಂಬರ್ಧ ಆಗುತ್ತೆ."

ಬಾಣ ತಾಗಿತು. ಪಾಪ, ಅವಳಿಗೂ ಒಳಗಿನದನ್ನು ನೋಡುವ ಆಸೆ. ಒಮ್ಮೆ ಕಾಯಿ ನೋಡಿದಳು, ಒಮ್ಮೆ ಮಚ್ಚು ನೋಡಿದಳು. ಆಮೇಲೆ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು, ನಾನೇ ಹೇಳಿಕೊಟ್ಟ ಹಾಗೆ. ನಾನು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವಳು ಅವಳು. ಕಾಯಿಯನ್ನು ಬಿಡದೆ ಕಂಕುಳಲ್ಲೇ ಇಟ್ಟುಕೊಂಡು ಪುಸ್ತಕದಲ್ಲಿ ಬರೆದಳು. ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದಳು.

"ಭಾನುವಾರ. ಒಳಗೇನಿದೆ ಅಂತ ನೋಡಿಲ್ಲ. ತುಂಬಾ ರುಚಿಯಾದ್ದೇ ಇರಬೇಕು, ಅತ್ತೆ ಎಂಜಲು ನುಂಗ್ತಾನೇ ಇದಾರೆ. ಅದಕ್ಕೇ ಒಡೆಯೋದು ಬೇಡ, ನೆಡೋಣ."

ಅಪ್ಪ ನಕ್ಕ ರಭಸಕ್ಕೆ ಮಚ್ಚು ಕೆಳಗೆ ಬಿತ್ತು. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡುವ ಶಿಕ್ಷೆ ನನ್ನ ಪಾಲಿಗೇ ಬಂತು. ಗುದ್ದಲಿ ಹಾಕುತ್ತಾ, ಆ ಎಂಜಲಿನ ಸಾಲು ಹೊಡೆದುಹಾಕೇ ಎಂದು ಕೇಳೋಣ ಅಂದುಕೊಂಡೆ. ಆದರೆ ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ.